ಮೋವರ್ ಬ್ಲೇಡ್ ಸಾಣೆಗೆ ಯಾವ ಗ್ರೈಂಡರ್? ನಾಲ್ಕು ಮಷೀನ್ ಆದ್ಮೇಲೆ ನನಗೆ ಸಿಕ್ಕ ಉತ್ತರ

ಹೋದ ವಾರ ಒಂದೇ ಮಧ್ಯಾಹ್ನ ಹುಲ್ಲು ಕೊಯ್ಯೋ ಮೋವರಿನ ಹದಿನಾಲ್ಕು ಬ್ಲೇಡ್ ಸಾಣೆ ಹಿಡಿದು ಮುಗಿಸಿದೆ. ಒಂದೂ ಬಿಸಿಗೆ ನೀಲಿಗಟ್ಟಲಿಲ್ಲ, ಬ್ಯಾಲೆನ್ಸ್ (ಎರಡೂ ತುದಿ ಒಂದೇ ತೂಕ ಇದೆಯಾ ಅಂತ) ನೋಡೋವಾಗ ಒಂದೂ ಎರಡಕ್ಕಿಂತ ಜಾಸ್ತಿ ಸಲ ವಾಪಸ್ ಮಷೀನಿಗೆ ಬರಲಿಲ್ಲ. ಇದನ್ನ ಯಾಕೆ ಮೊದಲೇ ಹೇಳ್ತಿದೀನಿ ಅಂದ್ರೆ, ನಾನು ಸಾಣೆಗೆ ಕಲ್ಲಿನ ಬದಲು ಬೆಲ್ಟ್ (ಸ್ಯಾಂಡ್ ಪೇಪರ್ ಥರದ ತಿರುಗೋ ಪಟ್ಟಿ) ಹಾಕ್ತೀನಿ ಅಂದಾಗ ಈ ಕೆಲಸದಲ್ಲಿ ಇರೋರೇ ಬೇಡ ಅಂದಿದ್ರು. ಬೆಲ್ಟು ಚಾಕು ಮಾಡೋರಿಗೆ, ಕಲ್ಲು ಹೊಡೆದು ಹಲ್ಲು ಹಲ್ಲಾಗಿರೋ ಮೋವರ್ ಬ್ಲೇಡ್ ಇಟ್ರೆ ಎರಡೇ ಬ್ಲೇಡಿಗೆ ಹರಿದು ಹೋಗುತ್ತೆ ಅಂತ. ಹರಿದಿದ್ದು ನಿಜ, ಆದ್ರೆ ತಪ್ಪು ಬೆಲ್ಟ್‌ದಾಗಿರಲಿಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಶುರು ಮಾಡಿದ್ದು ಎಲ್ಲರ ಹಾಗೆ ಕೈಯಲ್ಲಿ ಹಿಡಿಯೋ ಆಂಗಲ್ ಗ್ರೈಂಡರ್‌ನಿಂದ. ನಾಲ್ಕು ಇಂಚಿಂದು, ನಿಮಿಷಕ್ಕೆ 11,000 ಸುತ್ತು, ಅಂದ್ರೆ 11,000 ಆರ್‌ಪಿಎಂ. ಅದಕ್ಕೆ ದಪ್ಪ ಗ್ರೈಂಡಿಂಗ್ ಡಿಸ್ಕ್ ಹಾಕಿದ್ದೇ ಮೊದಲನೇ ನಷ್ಟ. ಆ ಡಿಸ್ಕ್‌ನ ಅಂಚು ಸೆಕೆಂಡಿಗೆ ಹತ್ತಿರ ಹತ್ತಿರ 57 ಮೀಟರ್ ಓಡುತ್ತೆ, ಕೈ ಒಂದು ಕ್ಷಣ ನಿಂತ್ರೆ ಅಲ್ಲೇ ಗುಂಡಿ. ಗುಂಡಿ ಸರಿ ಮಾಡೋಕೆ ಪಕ್ಕದಲ್ಲಿ ಉಜ್ಜು, ಪಕ್ಕದ್ದು ಸರಿ ಮಾಡೋಕೆ ಇನ್ನೊಂದು ಪಕ್ಕ, ಹೀಗೆ ಒಂದು ಒಳ್ಳೆ ಬ್ಲೇಡ್ ಒಂದು ಸೀಸನ್‌ನಲ್ಲೇ ಸವೆದು ಕಡ್ಡಿ ಆಯ್ತು. ಬಿಸಿ ಅಂತೂ ಕೇಳಲೇಬೇಡಿ. ಅಲಗಿನ ತುದೀಲಿ ಮೊದಲು ಒಣಹುಲ್ಲಿನ ಬಣ್ಣ ಬರುತ್ತೆ, ಆಮೇಲೆ ಕಂದು, ಆಮೇಲೆ ನೇರಳೆ, ನೋಡ್ತಾ ನೋಡ್ತಾ ನೀಲಿ. ಆ ನೀಲಿ ಬರೋ ಹೊತ್ತಿಗೆ ಅಲಗು ಸುಮಾರು 300 ಡಿಗ್ರಿ ಮುಟ್ಟಿರುತ್ತೆ. ನೀಲಿ ಆದ ಎರಡು ಬೆರಳಗಲದ ಜಾಗ ಮುಂದಿನ ಸಲ ಬಿಚ್ಚಿ ನೋಡಿದಾಗ ಮೆತ್ತಗಾಗಿ ಮಡಚಿಕೊಂಡಿತ್ತು, ಉಗುರಲ್ಲಿ ಸವರಿದ್ರೆ ಕೊಕ್ಕೆ ಹಾಗೆ ಸಿಕ್ತಿತ್ತು, ಅದರ ಪಕ್ಕದ ಜಾಗ ಇನ್ನೂ ಚೆನ್ನಾಗಿತ್ತು. ಆವತ್ತೇ ಗೊತ್ತಾಗಿದ್ದು, ಗ್ರೈಂಡರ್ ಆರಿಸೋವಾಗ ಮೊದಲು ನೋಡಬೇಕಾದ್ದು ಪವರ್ ಅಲ್ಲ, ಬಿಸಿ ಅಂತ.

ಅದೇ ಮಷೀನಿಗೆ ಫ್ಲಾಪ್ ಡಿಸ್ಕ್ (ಸ್ಯಾಂಡ್ ಪೇಪರ್ ತುಂಡುಗಳನ್ನ ಸುತ್ತಲೂ ಜೋಡಿಸಿದ ಡಿಸ್ಕ್) ಹಾಕಿದ ಮೇಲೆ ಪರವಾಗಿಲ್ಲ ಅನ್ನಿಸ್ತು. 60 ಗ್ರಿಟ್ (ಹರಳಿನ ದಪ್ಪದ ಅಂಕಿ, ಜಾಸ್ತಿ ಆದಷ್ಟೂ ನುಣುಪು) ಜಿರ್ಕೋನಿಯಾ, ಕೈ ಹಗುರ ಇಟ್ಟು ಉದ್ದಕ್ಕೆ ಎಳೆದ್ರೆ ಅಂಚು ನಿಜವಾಗ್ಲೂ ಚೆನ್ನಾಗೇ ಬರುತ್ತೆ. ಮನೇಲಿ ಒಂದೇ ಮೋವರ್ ಇರೋರು ಇಲ್ಲೇ ನಿಲ್ಲಿಸಿ, ಮುಂದಿಂದು ನಿಮಗೆ ಬೇಕಾಗಿಲ್ಲ. ನನಗೆ ಆಗದೇ ಇದ್ದಿದ್ದು ಅಲಗಿನ ಕೋನ. ಸೀಸನ್‌ನಲ್ಲಿ ವಾರಕ್ಕೆ ಮೂವತ್ತು ನಲವತ್ತು ಬ್ಲೇಡ್ ಬರುತ್ತೆ, ಬೆಳಿಗ್ಗೆ ಮಾಡಿದ್ದು 30 ಡಿಗ್ರಿ ಇದ್ರೆ ಸಂಜೆ ಕೈ ಸೋತ ಮೇಲೆ ಮಾಡಿದ್ದು 40. ಒಂದೇ ಬ್ಲೇಡಿನ ಎರಡು ತುದಿ ಎರಡು ಥರ. ಬ್ಯಾಲೆನ್ಸ್ ಹೇಗೆ ಕೂರುತ್ತೆ?

ಸರಿ ಅಂತ ಬೆಂಚ್ ಗ್ರೈಂಡರ್ (ಮೇಜಿನ ಮೇಲೆ ಕೂರೋದು, ಮೋಟರಿನ ಎರಡೂ ಕಡೆ ಕಲ್ಲು ತಿರುಗುತ್ತೆ) ತಗೊಂಡೆ, ಆರು ಇಂಚು, 2,850 ಆರ್‌ಪಿಎಂ. ಇಲ್ಲೇ ನಾನು ಜಾಸ್ತಿ ದುಡ್ಡು ಸುಟ್ಟಿದ್ದು. ಅಂಗಡೀಲಿ ನಿಂತು ನೋಡೋವಾಗ ಯಾರಿಗೂ ಹೊಳೆಯದ ವಿಷಯ ಏನಂದ್ರೆ, 21 ಇಂಚಿನ ಬ್ಲೇಡನ್ನ ಕಲ್ಲಿನ ಮುಖಕ್ಕೆ ನೇರ ಇಟ್ರೆ ಇನ್ನೊಂದು ತುದಿ ಮೋಟರಿನ ಮೈಗೆ ಹೋಗಿ ಬಡಿಯುತ್ತೆ. ಕಲ್ಲಿಗೂ ಮೋಟರಿಗೂ ಮಧ್ಯೆ ಜಾಗಾನೇ ಇಲ್ಲ. ಓರೆ ಹಿಡೀಬೇಕು, ಓರೆ ಹಿಡಿದ್ರೆ ಕಲ್ಲಿನ ಮೂಲೆ ಮಾತ್ರ ತಾಗುತ್ತೆ, ಮೂಲೆ ಸವೆಯುತ್ತೆ, ಡ್ರೆಸ್ಸರ್ ಹಾಕಿ ಕಲ್ಲು ಮಟ್ಟ ಮಾಡಬೇಕು, ಮಾಡಿದಷ್ಟೂ ಕಲ್ಲು ಚಿಕ್ಕದಾಗುತ್ತೆ. ಜೊತೆಗೆ ಬರೋ ಬೂದು ಕಲ್ಲು ನಾಲ್ಕೈದು ಬ್ಲೇಡಿಗೆಲ್ಲ ಗಾಜಿನ ಹಾಗೆ ಹೊಳೆಯೋಕೆ ಶುರು, ಹೊಳೆದ ಮೇಲೆ ಕೊಯ್ಯಲ್ಲ, ಬರೀ ಉಜ್ಜಿ ಬಿಸಿ ಮಾಡುತ್ತೆ. ಬಿಳಿ ಕಲ್ಲು ತಂದೆ, ತಣ್ಣಗೆ ಕೊಯ್ಯುತ್ತೆ ನಿಜ, ಆದ್ರೆ ಮೆತ್ತಗಿದೆ, ಹಲ್ಲು ಬಿದ್ದ ಬ್ಲೇಡ್ ಇಟ್ರೆ ಕಲ್ಲಿಗೇ ಕಚ್ಚು ಬೀಳುತ್ತೆ. ಒಂದು ಸೀಸನ್‌ಗೆ ಕಲ್ಲಿಗೆ ಹಾಕಿದ ದುಡ್ಡು ಲೆಕ್ಕ ಹಾಕಿದ್ರೆ ಗ್ರೈಂಡರ್ ಬೆಲೆಯ ಮುಕ್ಕಾಲು ಭಾಗ ಆಗಿತ್ತು.

ಅದಾದ ಮೇಲೆ ಎಂಟು ಇಂಚಿನ ಸ್ಲೋ ಸ್ಪೀಡ್, 1,425. ಬಿಸಿ ಕಮ್ಮಿ ಆಯ್ತು, ಕೆಲಸಾನೂ ಕಮ್ಮಿ ಆಯ್ತು, ಮೋಟರಿಗೆ ಬಡಿಯೋದು ಮಾತ್ರ ಹಾಗೇ ಉಳೀತು. ಇದರ ಮಧ್ಯೆ ಯಾರೋ ಡೈಮಂಡ್ ವೀಲ್ ಹಾಕು ಜೀವನಪೂರ್ತಿ ಬರುತ್ತೆ ಅಂದ್ರು, ಹಾಕಿದೆ. ಉಕ್ಕಿಗೆ ಡೈಮಂಡ್ ಸರಿಹೋಗಲ್ಲ, ಬಿಸಿಯಲ್ಲಿ ಆ ಹರಳು ಉಕ್ಕಿನ ಜೊತೆ ಸೇರಿ ತಾನೇ ಸವೆಯುತ್ತೆ, ಅದೂ ಮೋವರ್ ಬ್ಲೇಡ್‌ನಂಥ ಮೆತ್ತನೆ ಉಕ್ಕಿನ ಪುಡಿ ಮೇಲೆ ಮೆತ್ತಿಕೊಂಡು ಒಂದು ತಿಂಗಳಲ್ಲಿ ವೀಲ್ ನುಣ್ಣಗಾಯ್ತು. ಅದರ ದುಡ್ಡಿಗೆ ಹತ್ತಿರ ಹತ್ತಿರ ಇಪ್ಪತ್ತು ಬೆಲ್ಟ್ ಬರ್ತಿತ್ತು, ಈಗ ನೆನೆಸಿಕೊಂಡ್ರೂ ಹೊಟ್ಟೆ ಉರಿಯುತ್ತೆ.

ಈಗ ಬೆಲ್ಟಿನ ವಿಷಯ. ನಾನು ಹೊಸ ಬೆಲ್ಟ್ ಗ್ರೈಂಡರ್ ತಗೊಳ್ಳಲಿಲ್ಲ, ಹಳೇ ಬೆಂಚ್ ಗ್ರೈಂಡರಿನ ಒಂದು ಕಡೆ ಕಲ್ಲು ತೆಗೆದು ಬೆಲ್ಟ್ ಆರ್ಮ್ ಕೂರಿಸಿದೆ, 2 ಇಂಚು ಅಗಲ 48 ಇಂಚು ಉದ್ದದ ಬೆಲ್ಟ್. ಇದರ ಲಾಭ ಏನಂದ್ರೆ ಆರ್ಮ್ ಮೋಟರಿಂದ ಒಂದಡಿ ಮುಂದೆ ಬರುತ್ತೆ, ಬ್ಲೇಡ್ ಎಷ್ಟೇ ಉದ್ದ ಇರಲಿ ಎಡಕ್ಕೂ ಬಲಕ್ಕೂ ಏನೂ ತಾಗಲ್ಲ, ಆರಾಮಾಗಿ ಆ ಕಡೆಯಿಂದ ಈ ಕಡೆಗೆ ಎಳೀಬಹುದು. ಬಿಸಿ ಲೆಕ್ಕಾನೂ ನೋಡಿ. ನಾಲ್ಕು ಇಂಚಿನ ಡ್ರೈವ್ ವೀಲ್, 2,850 ಆರ್‌ಪಿಎಂ, ಅಂದ್ರೆ ಬೆಲ್ಟು ಸೆಕೆಂಡಿಗೆ 15 ಮೀಟರ್ ಆಸುಪಾಸು ಓಡುತ್ತೆ. ಬೆಲ್ಟಿನ ಒಂದು ಹರಳು ಸೆಕೆಂಡಿಗೆ 12 ಸಲ ಬ್ಲೇಡಿಗೆ ತಾಗಿ ಮಿಕ್ಕ ಹೊತ್ತು ಗಾಳೀಲಿ ತಣ್ಣಗಾಗ್ತಾ ಇರುತ್ತೆ. ಅದೇ ಆರು ಇಂಚಿನ ಕಲ್ಲಲ್ಲಿ ಅದೇ ಹರಳು ಸೆಕೆಂಡಿಗೆ 47 ಸಲ ಬಂದು ಉಜ್ಜುತ್ತೆ. ಕೈಯಲ್ಲಿ ಹಿಡಿದ್ರೆ ಈ ವ್ಯತ್ಯಾಸ ಗೊತ್ತಾಗುತ್ತೆ, ಈಗ ನಾನು ಅಲಗಿನಿಂದ ಎರಡು ಇಂಚು ಹಿಂದೆ ಬರೀ ಬೆರಳು ಇಟ್ಟೇ ಕೆಲಸ ಮಾಡ್ತೀನಿ, ಬೆರಳಿಗೆ ಸುಡ್ತು ಅಂದ್ರೆ ನೀರಿಗೆ ಅದ್ದೋದು.

ಮೊದಲನೇ ದಿನವೇ ಮೂರು ಬೆಲ್ಟ್ ಹರೀತು. ಬೇಡ ಅಂದೋರೆಲ್ಲ ನೋಡಿದ್ಯಾ ಅಂದ್ರು. ಕಾರಣ ಸಣ್ಣದು. ನಾನು ಕಲ್ಲಿನ ಅಭ್ಯಾಸದಲ್ಲೇ ಅಲಗಿನ ಬಾಯನ್ನ ಬೆಲ್ಟ್ ಬರೋ ದಿಕ್ಕಿಗೆ ಎದುರಾಗಿ ಇಟ್ಟಿದ್ದೆ, ಹಲ್ಲು ಬಿದ್ದ ಅಂಚು ಬಟ್ಟೆಗೆ ಸಿಕ್ಕಿ ಸರ್ ಅಂತ ಸೀಳ್ತಿತ್ತು. ರೆಸ್ಟ್ (ಬ್ಲೇಡ್ ಒರಗಿಸೋ ಪಟ್ಟಿ) ತಿರುಗಿಸಿ ಬೆಲ್ಟು ಅಲಗಿನ ಬೆನ್ನಿಂದ ಬಾಯಿ ಕಡೆಗೆ ಹರಿಯೋ ಹಾಗೆ ಮಾಡಿದ ಮೇಲೆ ಇವತ್ತಿನವರೆಗೂ ಒಂದೂ ಹರಿದಿಲ್ಲ. ಹೀಗೆ ಮಾಡಿದ್ರೆ ಕೆಳಗಡೆ ಬರ್ (ಅಂಚಲ್ಲಿ ಏಳೋ ಲೋಹದ ಮುಳ್ಳು) ಸ್ವಲ್ಪ ಜಾಸ್ತಿ ಏಳುತ್ತೆ, ಅರದಲ್ಲಿ ಒಂದು ಸಲ ಚಪ್ಪಟೆಯಾಗಿ ಎಳೆದ್ರೆ ಹೋಯ್ತು, ಕೆಳಗಿನ ಮುಖ ಮಾತ್ರ ಯಾವ ಕಾರಣಕ್ಕೂ ಸಾಣೆ ಹಿಡೀಬೇಡಿ. ಇನ್ನೊಂದು, ದೊಡ್ಡ ಹಲ್ಲುಗಳನ್ನ ಮೊದಲು ಇನ್ನೊಂದು ಕಡೆ ಇರೋ ಕಲ್ಲಲ್ಲೇ ಹೊಡೆದು ಮಟ್ಟ ಮಾಡ್ಕೋತೀನಿ, ಅದಕ್ಕೇ ಆ ಕಡೆ ಕಲ್ಲು ಉಳಿಸಿಕೊಂಡಿದ್ದು. ಬೆಲ್ಟಿಗೆ ಅಂಚು ಮಾತ್ರ.

ಬೆಲ್ಟ್ ಆರಿಸೋದ್ರಲ್ಲೂ ಕೈ ಸುಟ್ಕೊಂಡೆ. ಅಗ್ಗದ ಕಂದು ಬೆಲ್ಟ್ ಆರೇಳು ಬ್ಲೇಡಿಗೆ ಬೋಳಾಗುತ್ತೆ, ಸೆರಾಮಿಕ್ ಬೆಲ್ಟಿಗೆ ಅದರ ಎರಡೂವರೆ ಪಟ್ಟು ದುಡ್ಡು, ಆದ್ರೆ ನಲವತ್ತು ಬ್ಲೇಡ್ ಬರುತ್ತೆ. ಲೆಕ್ಕ ನೀವೇ ಹಾಕಿ. ಸೆರಾಮಿಕ್‌ಗೆ ಒತ್ತಡ ಬೇಕು, ಹಗುರ ಹಿಡಿದ್ರೆ ಹರಳು ಒಡೆಯಲ್ಲ, ಹೊಸ ಚೂಪು ಬರಲ್ಲ, ಹೊಳಪು ಹೊಡೆದು ಬಿಸಿ ಮಾಡುತ್ತೆ. ನಾನು 60 ಗ್ರಿಟ್ ಬೆಲ್ಟಲ್ಲಿ ಶುರು ಮಾಡಿ 60ರಲ್ಲೇ ಮುಗಿಸ್ತೀನಿ. 120 ಹಾಕಿ ಕನ್ನಡಿ ಥರ ಮಾಡಿ ನೋಡಿದೀನಿ, ಮೊದಲ ಅರ್ಧ ಗಂಟೆ ಖುಷಿ, ಹತ್ತು ಗಂಟೆ ಹುಲ್ಲು ಕೊಯ್ದ ಮೇಲೆ ಎರಡಕ್ಕೂ ವ್ಯತ್ಯಾಸ ಇರಲಿಲ್ಲ. ಹೊಸ ಬೆಲ್ಟ್ ಹಾಕಿದ ತಕ್ಷಣ ಬ್ಲೇಡಿಗೆ ಮುಂಚೆ ಅದಕ್ಕೆ ಇನ್ನೊಂದು ವಸ್ತು ತಾಗಿಸ್ತೀನಿ, ಅದರಿಂದ ಬೆಲ್ಟ್ ಇನ್ನೂ ಹತ್ತು ಬ್ಲೇಡ್ ಜಾಸ್ತಿ ಬರುತ್ತೆ. ಅದು ಯಾವುದು ಅಂತ ಇಲ್ಲಿ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ಕೋನದ ಬಗ್ಗೆ ಒಂದು ಪ್ರಯೋಗ ಮಾಡಿದ್ದೆ. ಒಂದೇ ಬ್ಲೇಡಿನ ಒಂದು ತುದಿ 25 ಡಿಗ್ರಿ, ಇನ್ನೊಂದು ತುದಿ 35, ಬ್ಯಾಲೆನ್ಸ್ ಸರಿ ಮಾಡಿ ನನ್ನ ಸ್ವಂತ ಮೋವರಿಗೆ ಹಾಕಿ ಇಪ್ಪತ್ತು ಗಂಟೆ ಓಡಿಸಿದೆ. ಹುಲ್ಲು ಒಂದೇ, ಮಣ್ಣು ಒಂದೇ, ಓಡಿದ ಹೊತ್ತೂ ಒಂದೇ, ಇದಕ್ಕಿಂತ ನ್ಯಾಯವಾದ ಪರೀಕ್ಷೆ ಇಲ್ಲ. 25ರ ತುದಿ ಮರಳು ತಾಗಿ ಉದ್ದಕ್ಕೂ ಸುರುಳಿ ಸುತ್ತಿತ್ತು, 35ರದ್ದು ಮೊಂಡಾಗಿದ್ರೂ ನೆಟ್ಟಗಿತ್ತು. ಈಗ ನನ್ನ ರೆಸ್ಟ್ ಆಂಗಲ್ ಕಬ್ಬಿಣದಲ್ಲಿ ನಾನೇ ಮಾಡಿದ್ದು, ಎರಡರ ಮಧ್ಯೆ 30ಕ್ಕೆ ಬೋಲ್ಟ್ ಹೊಡೆದು ಬಿಟ್ಟಿದೀನಿ. ಅದರ ಎಡಗಡೆ ಒಂದು ಸ್ಟಾಪರ್ ಇದೆ, ಎರಡೂ ತುದಿ ಒಂದೇ ಅಳತೆಗೆ ಬರೋದು ಅದರಿಂದಲೇ, ಅದು ಎಲ್ಲಿ ಕೂರುತ್ತೆ ಅನ್ನೋದನ್ನ ನೀವೇ ಹುಡುಕಿಕೊಳ್ಳಿ, ನನಗೆ ಎರಡು ತಿಂಗಳು ಹಿಡೀತು.

ಗೋಡೆಗೆ ಮೊಳೆ ಹೊಡೆದು ಬ್ಯಾಲೆನ್ಸ್ ನೋಡೋದನ್ನ ಬಿಟ್ಟುಬಿಡಿ. ಬ್ಲೇಡಿನ ತೂತು ದೊಡ್ಡದು, ಮೊಳೆ ಸಣ್ಣದು, ಘರ್ಷಣೆಗೇ ಬ್ಲೇಡ್ ನೆಟ್ಟಗೆ ನಿಂತ ಹಾಗೆ ಕಾಣುತ್ತೆ. ಹಾಗೆ ಹಾಕಿದ ಬ್ಲೇಡಿಂದಲೇ ಒಂದು ಸ್ಪಿಂಡಲ್ ಬೇರಿಂಗ್ ನನ್ನ ಖರ್ಚಲ್ಲಿ ಬದಲಾಯಿಸಿ ಕೊಡಬೇಕಾಯ್ತು. ಕೋನ್ ಬ್ಯಾಲೆನ್ಸರ್ (ಬ್ಲೇಡಿನ ತೂತನ್ನ ಶಂಕುವಿನ ಮೇಲೆ ಕೂರಿಸಿ ನೋಡೋದು) ತಗೊಳ್ಳಿ, ಗ್ರೈಂಡರ್ ಮುಂದೆ ಅದರ ಬೆಲೆ ಏನೂ ಅಲ್ಲ.

ಒಂದೇ ಒಂದು ಜಾಗದಲ್ಲಿ ಈ ಬೆಲ್ಟ್ ಸೋಲುತ್ತೆ, ಹುಲ್ಲನ್ನ ಸಣ್ಣಗೆ ಕೊಚ್ಚೋ ಮಲ್ಚಿಂಗ್ ಬ್ಲೇಡ್. ಅಂಚು ಡೊಂಕು ಡೊಂಕಾಗಿ ಏರಿ ಇಳಿದಿರುತ್ತೆ, ಬೆಲ್ಟ್ ಹಿಂದಿನ ಚಪ್ಪಟೆ ಪ್ಲೇಟ್ ಆ ತಗ್ಗಿಗೆ ಇಳಿಯಲ್ಲ. ಮೇಲಿನ ಸಣ್ಣ ಚಕ್ರದ ಮೇಲೆ ಮಾಡಿದೆ, ಮುಕ್ಕಾಲು ಭಾಗ ಬರುತ್ತೆ, ಮಿಕ್ಕಿದ್ದು ಇವತ್ತಿಗೂ ಫ್ಲಾಪ್ ಡಿಸ್ಕಲ್ಲೇ.

ಇನ್ನೊಂದು ಮರೆತಿದ್ದೆ, ಬ್ಲೇಡ್ ತೊಳೆದು ಒರೆಸಿ ಆಮೇಲೆ ಮಷೀನ್ ಹತ್ತಿರ ತನ್ನಿ. ಒಣಗಿದ ಹುಲ್ಲಿನ ಪುಡಿ ಬೆಲ್ಟ್ ಕೆಳಗಿನ ಡಬ್ಬದಲ್ಲಿ ಸೇರಿಕೊಂಡು, ಅದರ ಮೇಲೆ ಕಿಡಿ ಬಿದ್ದು, ನಾನು ಊಟಕ್ಕೆ ಹೋಗಿ ಬರೋಷ್ಟರಲ್ಲಿ ಡಬ್ಬದಿಂದ ಹೊಗೆ ಬರ್ತಿತ್ತು. ಈಗ ಆ ಡಬ್ಬದಲ್ಲಿ ಯಾವಾಗ್ಲೂ ನಾಲ್ಕು ಬೆರಳು ನೀರು ಇಟ್ಟಿರ್ತೀನಿ.