ಮಿಲಿಟರಿ ಕಟಿಂಗ್: ಮಷೀನ್ ಎತ್ತೋ ಮುಂಚೆ ತಲೆ ಸವರಿ ನೋಡಿ

ಬೆಳಗಾವಿ ಕ್ಯಾಂಪ್ ಹತ್ತಿರ ನನ್ನ ಕಟಿಂಗ್ ಅಂಗಡಿ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇರುವ ಊರು ಇದು. ರಜೆಗೆ ಬಂದ ಜವಾನರು, ರಿಟೈರ್ ಆದವರು, ಆರ್ಮಿ ಭರ್ತಿಗೆ ತಯಾರಾಗುವ ಹುಡುಗರು, ಎಲ್ಲರೂ ಕುರ್ಚಿಯಲ್ಲಿ ಕೂತು ಹೇಳುವುದು ಒಂದೇ: "ಅಣ್ಣಾ, ಮಿಲಿಟರಿ ಕಟಿಂಗ್." ನಾನು ತಕ್ಷಣ ಮಷೀನ್ ಎತ್ತುವುದಿಲ್ಲ. ಮೊದಲು ಬೆರಳಿಂದ ತಲೆ ಪೂರ್ತಿ ಸವರಿ ನೋಡುತ್ತೇನೆ.

ಒಮ್ಮೆ ಹಾಗೆ ನೋಡದೆ ಒಬ್ಬ ಹುಡುಗನಿಗೆ ಒಂದನೇ ನಂಬರ್ ಹೊಡೆದುಬಿಟ್ಟೆ. ಕಿವಿ ಹಿಂದೆ ಹಳೇ ಹೊಲಿಗೆಯ ಕಲೆ ಬೆಳ್ಳಗೆ ಎದ್ದು ಬಂತು. ಹಿಂದೆ ಕನ್ನಡಿ ಹಿಡಿದು ತೋರಿಸಿದಾಗ ಅವನ ಮುಖ ಬಾಡಿಹೋಯಿತು. ಮರುವಾರ ಅವನ ಅಕ್ಕನ ಮದುವೆ ಇತ್ತು.

ನಂಬರ್ ಅಂದರೆ ಮಷೀನ್ ಓಡಿಸಿದ ಮೇಲೆ ತಲೆಯಲ್ಲಿ ಉಳಿಯುವ ಕೂದಲಿನ ಉದ್ದ. ಅದರ ಲೆಕ್ಕ ಹೀಗಿದೆ. ಒಂದು ಅಂದರೆ 3 ಮಿ.ಮೀ., ಎರಡು 6, ಮೂರು ಸುಮಾರು 10, ನಾಲ್ಕು ಸುಮಾರು 13. ಮನೆಯ ಟ್ರಿಮ್ಮರ್‌ಗಳಲ್ಲಿ ಕೆಲವದರ ಮೇಲೆ ಮಿ.ಮೀ. ಲೆಕ್ಕವನ್ನೇ ಬರೆದಿರುತ್ತಾರೆ. ಅಲ್ಲಿ 3 ಅಂತ ಇದ್ದರೆ ಅದು ನಮ್ಮ ಒಂದನೇ ನಂಬರ್. ಇಲ್ಲೇ ಜಾಸ್ತಿ ಜನ ಎಡವುತ್ತಾರೆ.

ಮೊದಲ ಸಲ ಮಾಡಿಸುವವರಿಗೆ ಪಕ್ಕದಲ್ಲಿ ಎರಡು, ಮೇಲೆ ನಾಲ್ಕು ಸಾಕು. ಇನ್ನೂ ಗಿಡ್ಡ ಬೇಕಾದರೆ ಆಮೇಲೆ ಇಳಿಸಬಹುದು, ಅಲ್ವಾ? ಹಿಂದಲೆ ಚಪ್ಪಟೆ ಇದ್ದರೆ ಅಲ್ಲಿ ಒಂದು ನಂಬರ್ ಜಾಸ್ತಿ ಬಿಡಿಸಿಕೊಳ್ಳಿ. ಉದ್ದ ಮುಖದವರು ಪಕ್ಕದ ಕೂದಲು ತೀರಾ ಇಳಿಸಬಾರದು. ಮುಂದೆ ಕೂದಲು ತೆಳ್ಳಗಾಗುತ್ತಿರುವವರಿಗೆ ಈ ಕಟಿಂಗ್ ತುಂಬಾ ಒಪ್ಪುತ್ತದೆ. ಪಕ್ಕವೂ ಗಿಡ್ಡ ಆದರೆ ತೆಳು ಜಾಗ ಬೇರೆಯಾಗಿ ಕಾಣುವುದಿಲ್ಲ.

ನಿಜವಾದ ಕೆಲಸ ಇರುವುದು ಸುಳಿಯ ಹತ್ತಿರ. ಬೇರೆ ಕಡೆ ಕೂದಲಿಗೆ ಎದುರಾಗಿ ಮಷೀನ್ ಓಡಿಸಿದರೆ ಸಾಕು. ಸುಳಿಯಲ್ಲಿ ಕೂದಲು ಸುತ್ತುತ್ತಾ ಬೆಳೆಯುತ್ತದೆ. ಅಲ್ಲಿ ನಾಲ್ಕೂ ದಿಕ್ಕಿನಿಂದ ನಿಧಾನವಾಗಿ ಮಷೀನ್ ತರಬೇಕು, ಇಲ್ಲದಿದ್ದರೆ ಮಧ್ಯೆ ಒಂದು ಪುಟ್ಟ ಜುಟ್ಟು ನಿಂತುಬಿಡುತ್ತದೆ. ಎರಡು ಸುಳಿ ಇದ್ದವರಿಗೆ ಎರಡು ಮದುವೆ ಅಂತಾರೆ. ನನಗೆ ಗೊತ್ತಿರುವುದು ಇಷ್ಟೇ: ಅಂಥವರಿಗೆ ಮೇಲೆ ಎರಡನೇ ನಂಬರಿಗಿಂತ ಇಳಿಸಿದರೆ ಎರಡೂ ಸುಳಿ ಎದ್ದು ಕಾಣುತ್ತವೆ. ಕೂದಲು ಒಣಗಿರಲಿ. ಒದ್ದೆ ಕೂದಲು ಮಲಗಿ, ಉದ್ದ ಉಳಿದದ್ದನ್ನು ಮುಚ್ಚಿಡುತ್ತದೆ.

ಕೂದಲು ವಾರಕ್ಕೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಅಂದರೆ ಒಂದನೇ ನಂಬರ್ ಒಂದೇ ವಾರದಲ್ಲಿ ಎರಡನೇ ನಂಬರ್ ಆಗುತ್ತದೆ. ಅದಕ್ಕೇ ಕಿವಿ ಸುತ್ತ, ಕುತ್ತಿಗೆ ಹಿಂದೆ ಹತ್ತು ದಿನಕ್ಕೊಮ್ಮೆ ಸರಿ ಮಾಡಿಸಿ. ಪೂರ್ತಿ ಕಟಿಂಗ್ ಮೂರು ವಾರಕ್ಕೊಮ್ಮೆ ಸಾಕು. ಮೊದಲ ಕೆಲವು ದಿನ ಬಿಸಿಲಲ್ಲಿ ಟೋಪಿ ಹಾಕಿ, ನೆತ್ತಿ ಸುಡುತ್ತದೆ. ಎಣ್ಣೆ ನಾಲ್ಕು ಹನಿ ಸಾಕು. ಹೆಲ್ಮೆಟ್ ಒಳಗಿನ ಬಟ್ಟೆ ಆಗಾಗ ಒಗೆಯಿರಿ, ಬೆವರೆಲ್ಲ ಈಗ ನೇರ ಅದಕ್ಕೇ ಇಳಿಯುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವವರು ಪ್ರತಿ ಸಲ ಬ್ಲೇಡ್ ಬ್ರಷ್‌ನಿಂದ ಉಜ್ಜಿ, ಎರಡು ಹನಿ ಮಷೀನ್ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಓಡಿಸಿ. ಎಣ್ಣೆ ಇಲ್ಲದ ಬ್ಲೇಡ್ ಬಿಸಿಯಾಗಿ ಕೂದಲು ಕಚ್ಚಿ ಎಳೆಯುತ್ತದೆ. ಕುತ್ತಿಗೆ ಹಿಂದಿನ ಗೆರೆ ಮಾತ್ರ ನೀವೇ ತೆಗೆಯಬೇಡಿ. ತಮ್ಮನನ್ನೋ ಗೆಳೆಯನನ್ನೋ ಕರೆಯಿರಿ. ಯಾರೂ ಇಲ್ಲದಿದ್ದರೆ ಅಂಗಡಿಗೆ ಬನ್ನಿ, ಐದು ನಿಮಿಷದ ಕೆಲಸ.