ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ: ಕಯನೈಟ್ ಗುರುತಿಸುವ ಬಗೆ

ಹೊಳೆನರಸೀಪುರದ ಕಡೆ ಕಲ್ಲು ಹುಡುಕಲು ಹೋಗಿ ಬಂದವರು ಚೀಲ ಬಿಚ್ಚಿ ತೋರಿಸುವ ನೀಲಿ ಕಲ್ಲುಗಳಲ್ಲಿ ಅರ್ಧಕ್ಕರ್ಧ ಕಯನೈಟ್ (ಉದ್ದ ಹರಳುಗಳಾಗಿ ಸಿಗುವ ನೀಲಿ ಖನಿಜ) ಆಗಿರುವುದಿಲ್ಲ. ಒಂದು ಬಾಟಲಿಯ ಗಾಜು, ಇನ್ನೊಂದು ನೀಲಿ ಛಾಯೆಯ ಬೆಣಚುಕಲ್ಲು. ನಿಜವಾದ ಕಯನೈಟನ್ನು ಅದೇ ಜನ ‘ಬೂದಿ ಬಣ್ಣ, ಮಣ್ಣು ಮೆತ್ತಿದೆ’ ಎಂದು ಹೊಲದಲ್ಲೇ ಬಿಟ್ಟು ಬಂದಿರುತ್ತಾರೆ. ಪರೀಕ್ಷೆ ಮಾಡಿಲ್ಲ ಅಂತಲ್ಲ. ಮಾಡಿರುತ್ತಾರೆ, ಆದರೆ ತಪ್ಪಾಗಿ.

1. ಜಾಗ. ಗ್ರಾನೈಟ್ ಬಂಡೆಯ ಮೇಲೆ ಹುಡುಕಿದರೆ ಬಿಸಿಲು ಮಾತ್ರ ಸಿಗುತ್ತದೆ. ಅಲ್ಯೂಮಿನಿಯಂ ಹೆಚ್ಚಿರುವ ಜೇಡಿ ಭೂಮಿಯ ಆಳಕ್ಕೆ ಇಳಿದು, ಒತ್ತಡಕ್ಕೆ ಸಿಕ್ಕಿ ಬೇರೆ ಕಲ್ಲಾದಾಗ ಕಯನೈಟ್ ಹುಟ್ಟುತ್ತದೆ. ಹಾಗಾಗಿ ಪದರ ಪದರವಾಗಿ ಏಳುವ, ಕಾಗೆಬಂಗಾರ ಮಿರುಗುವ ಶಿಸ್ಟ್ ಕಲ್ಲು ಬೇಕು. ಹೊಳೆನರಸೀಪುರದ ಶಿಸ್ಟ್ ಪಟ್ಟಿ, ಮೈಸೂರು ಜಿಲ್ಲೆಯ ಸರಗೂರಿನ ಸುತ್ತಮುತ್ತ ಅಂಥ ಕಲ್ಲಿದೆ. ಅದರಲ್ಲಿ ಕೆಂಪು ಗಾರ್ನೆಟ್ ಕಾಳುಗಳು ಕಂಡರೆ ನಡಿಗೆ ನಿಧಾನ ಮಾಡಿ. ಶಿಸ್ಟಿನ ನಡುವೆ ಹಾದುಹೋಗುವ ಬಿಳಿ ಬೆಣಚಿನ ಎಳೆಯನ್ನಂತೂ ಬಿಡಲೇಬೇಡಿ. ಉದ್ದನೆಯ ಹರಳುಗಳು ಹೆಚ್ಚಾಗಿ ಅಲ್ಲೇ ಇರುತ್ತವೆ.

ನಾನು ಬಂಡೆಗಿಂತ ಮೊದಲು ನೋಡುವುದು ಹೊಲದ ಬದುವಿನ ಕಲ್ಲುಗುಪ್ಪೆಯನ್ನು. ಉಳುವಾಗ ನೇಗಿಲಿಗೆ ಸಿಕ್ಕಿದ್ದನ್ನೆಲ್ಲ ರೈತರು ಆರಿಸಿ ಅಲ್ಲಿ ಹಾಕಿರುತ್ತಾರೆ. ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಒಂದು ಮಳೆ ಬಿದ್ದ ಮರುದಿನವಾದರೆ ಕಲ್ಲೂ ತೊಳೆದಿರುತ್ತದೆ. ‘ಯಜಮಾನ್ರೇ, ಕಲ್ಲು ನೋಡ್ಬೋದಾ?’ ಎಂದು ಕೇಳಿಯೇ ಬದು ಹತ್ತಿ. ಮೀಸಲು ಅರಣ್ಯ, ಗಣಿ ಗುತ್ತಿಗೆಯ ಜಾಗ ಬೇಡ.

2. ಸಾಮಾನು. ಭೂತಗನ್ನಡಿ, ನೀರು, ಹಳೆಯ ಟೂತ್‌ಬ್ರಶ್, ಹಳೆ ಪೇಪರ್, ಹಳೆಯ ಸಾದಾ ಚಾಕು. ಹೊಸ ದುಬಾರಿ ಚಾಕು ತರಬೇಡಿ, ಅದರ ಉಕ್ಕು ಇಲ್ಲಿಗೆ ತೀರಾ ಗಟ್ಟಿ. ಮನೆಯಲ್ಲೇ ಕಿಟಕಿ ಗಾಜಿನ ಚೂರಿನ ಮೇಲೆ ಗೀಚಿ ನೋಡಿ. ಗೆರೆ ಕಷ್ಟಪಟ್ಟು ಮೂಡಿದರೆ ಅದೇ ಸರಿಯಾದ ಚಾಕು. ಆನ್‌ಲೈನಿನಲ್ಲಿ ಸಿಗುವ ಗಡಸುತನ ಅಳೆಯುವ ಅಗ್ಗದ ಪೆನ್ನುಗಳಿಗೆ ದುಡ್ಡು ಹಾಕಬೇಡಿ. ನಾನು ಕೊಂಡಿದ್ದರ ಮೊನೆ ಎರಡನೇ ಕಲ್ಲಿಗೇ ಕಳಚಿ ಬಿತ್ತು.

3. ಕಣ್ಣಿನ ಪರೀಕ್ಷೆ. ಹುಲ್ಲಿನ ಗರಿಯಂತೆ ಉದ್ದ, ಚಪ್ಪಟೆ. ಕೆಲವು ಬಾಗಿರುವುದೂ ಉಂಟು. ನೀಲಿ ಒಂದೇ ಸಮ ಇರದು, ಸಾಮಾನ್ಯವಾಗಿ ನಡುವೆ ಗಾಢ, ಅಂಚಿಗೆ ಬರುತ್ತಾ ಬಿಳಚು. ನೀರು ಹಾಕಿ ನೋಡಿ.

4. ಗೀಚುವುದು. ಎಲ್ಲರೂ ಎಡವುವುದು ಇಲ್ಲೇ. ಕಯನೈಟಿನ ಗಡಸುತನ ಎರಡು ಥರ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಹ್ಸ್ ಅಳತೆಯಲ್ಲಿ ಹರಳಿನ ಉದ್ದಕ್ಕೆ 4.5ರಿಂದ 5, ಅಡ್ಡಕ್ಕೆ 6.5ರಿಂದ 7. ಸಾದಾ ಚಾಕು ಸುಮಾರು 5.5. ಅಂದರೆ ಅದೇ ಚಾಕು ಅದೇ ಮುಖದ ಮೇಲೆ ಉದ್ದಕ್ಕೆ ಕಚ್ಚುತ್ತದೆ, ಅಡ್ಡಕ್ಕೆ ಜಾರುತ್ತದೆ. ಇದರಿಂದಲೇ ಕಯನೈಟಿಗೆ ಡಿಸ್ತೀನ್ ಎಂಬ ಇನ್ನೊಂದು ಹೆಸರಿದೆ. ಗ್ರೀಕಿನಲ್ಲಿ ‘ಎರಡು ಬಲದ್ದು’ ಎಂದರ್ಥ.

ಮೊದಲು ಮಣ್ಣು, ತುಕ್ಕು ಉಜ್ಜಿ ತೆಗೆಯಿರಿ. ಹೊರಗಿನ ಸವೆದ ಪದರ ಯಾವ ಕಡೆಗೆ ಗೀಚಿದರೂ ಏಳುತ್ತದೆ, ಅದನ್ನು ನಂಬಿದರೆ ಕೆಟ್ಟಿರಿ. ಹರಳಿನ ಅಗಲವಾದ, ಮುತ್ತಿನಂತೆ ಹೊಳೆಯುವ ಮುಖವನ್ನು ಆರಿಸಿಕೊಳ್ಳಿ. ಕಲ್ಲನ್ನು ಗಟ್ಟಿ ನೆಲದ ಮೇಲಿಟ್ಟು ಎಡಗೈಯಲ್ಲಿ ಒತ್ತಿ ಹಿಡಿಯಿರಿ. ಅಂಗೈಯಲ್ಲಿಟ್ಟುಕೊಂಡು ಗೀಚಿ ರಕ್ತ ಬರಿಸಿಕೊಂಡವರನ್ನು ಕಂಡಿದ್ದೇನೆ. ಚಾಕುವಿನ ಮೊನೆಯಿಂದ ಉದ್ದಕ್ಕೆ ಅರ್ಧ ಸೆಂಟಿಮೀಟರ್ ಎಳೆಯಿರಿ, ಒಂದೇ ಸಲ. ಅಷ್ಟೇ ಒತ್ತಡದಲ್ಲಿ ಪಕ್ಕದಲ್ಲೇ ಅಡ್ಡಕ್ಕೆ ಎಳೆಯಿರಿ. ಅಡ್ಡಕ್ಕೆ ಜಾರಿತೆಂದು ಜೋರು ಮಾಡಬಾರದು. ಜೋರು ಮಾಡಿದರೆ ಹರಳು ಸೀಳಿಕೊಳ್ಳುತ್ತದೆ, ಸೀಳನ್ನೇ ಗೆರೆಯೆಂದು ಓದಿಕೊಳ್ಳುತ್ತೀರಿ.

ಆಮೇಲೆ ಎರಡೂ ಗೆರೆಗಳನ್ನು ಒದ್ದೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒರೆಸಿ. ಇದನ್ನು ಯಾರೂ ಮಾಡುವುದಿಲ್ಲ! ಅಡ್ಡಕ್ಕೆ ಮೂಡಿದ ಕಪ್ಪು ಗೆರೆ ಹೆಚ್ಚಾಗಿ ಗೀರಲ್ಲ, ಕಲ್ಲೇ ಚಾಕುವನ್ನು ತಿಂದು ಉಳಿಸಿಕೊಂಡ ಉಕ್ಕಿನ ಪುಡಿ. ಒರೆಸಿದರೆ ಹೋಗುತ್ತದೆ. ಹೋಗದೆ ಉಳಿದದ್ದನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಉಗುರಿಗೂ ಹಳ್ಳ ಸಿಗಬೇಕು. ಉದ್ದಕ್ಕೆ ಹಳ್ಳ, ಅಡ್ಡಕ್ಕೆ ಏನೂ ಇಲ್ಲ ಎಂದಾದರೆ ಅದು ಕಯನೈಟ್.

ಎರಡೂ ಕಡೆ ಜಾರಿದರೆ ಬೆಣಚು ಇರಬಹುದು. ಪೀಪಾಯಿಯಂತೆ ಉಬ್ಬಿದ ಆರು ಮುಖದ ಹರಳಾದರೆ ಕುರುಂದ, ಅಂದರೆ ಮಾಣಿಕ್ಯ, ನೀಲದ ಜಾತಿಯ ಕಲ್ಲು. ಒಳಗೆ ದುಂಡನೆಯ ಗಾಳಿಗುಳ್ಳೆ ಕಂಡರೆ ಗಾಜು, ಎಸೆಯಿರಿ.

5. ತೂಕ. ಅನುಮಾನ ಉಳಿದರೆ ಮಾತ್ರ. ಬೇರೆ ಕಲ್ಲು ಅಂಟಿರದ ಚೂರನ್ನು 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಆಮೇಲೆ ಅದೇ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರಕ್ಕೆ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಿ. ಮೊದಲ ತೂಕವನ್ನು ಈಗ ತೋರಿಸುವ ಅಂಕಿಯಿಂದ ಭಾಗಿಸಿ. 36 ಗ್ರಾಮಿನ ಕಯನೈಟ್ ನೀರಿನಲ್ಲಿ 10 ಗ್ರಾಂ ಆಸುಪಾಸು ತೋರಿಸುತ್ತದೆ, ಅಂದರೆ 3.6. ಬೆಣಚಾದರೆ 2.65 ಬರುತ್ತದೆ, ಕುರುಂದವಾದರೆ 4.

ಶನಿ ಕಾಟಕ್ಕೆಂದು ಅಗ್ಗದಲ್ಲಿ ಮಾರುವ ‘ನೀಲ’ದ ಹರಳುಗಳಲ್ಲಿ ಕಯನೈಟೂ ಸೇರಿರುತ್ತದೆ. ಉಂಗುರದಲ್ಲಿ ಕೂರಿಸಿದರೆ ಒಂದೇ ಪೆಟ್ಟು ಬಿದ್ದರೂ ಸೀಳಿಹೋಗುತ್ತದೆ.

6. ಮನೆಗೆ ತಂದ ಮೇಲೆ. ನೀರು, ಬ್ರಶ್, ತಾಳ್ಮೆ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕುವ ಸುಲಭೋಪಾಯ ಬೇಡ. ಹರಳಿಗೆ ಏನೂ ಆಗದು, ಆದರೆ ಸುತ್ತಲಿನ ಕಲ್ಲಿಗೆ ಇಳಿದ ಹಳದಿ ಕಲೆ ಹೋಗುವುದಿಲ್ಲ. ಊರು, ಜಾಗ, ದಿನಾಂಕ ಬರೆದ ಚೀಟಿಯೊಂದಿಗೆ ಒಂದೊಂದನ್ನೂ ಪೇಪರಿನಲ್ಲಿ ಸುತ್ತಿಡಿ. ಹತ್ತಿ ಬೇಡ, ಅದರ ಎಳೆ ಹರಳಿನ ಸಂದಿಗೆ ಸಿಕ್ಕಿಕೊಂಡು ಬಿಡಿಸುವಾಗ ತುದಿಯೇ ಮುರಿದು ಬರುತ್ತದೆ.