ಎರಡು ಡಿಸ್ಕ್ ಇದ್ದರೆ ಸಾಲದು, ಎರಡರಿಂದಲೂ ಬೂಟ್ ಆಗಬೇಕು

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಚೀಟಿ ಕೊಡುವ ಕಂಪ್ಯೂಟರನ್ನು ನಾನು ನೋಡಿಕೊಳ್ಳುತ್ತೇನೆ. ಎರಡು ಸೀಸನ್ ಹಿಂದೆ, ಗೇಟಿನ ಹೊರಗೆ ಭತ್ತದ ಲಾರಿಗಳು ಸಾಲುಗಟ್ಟಿದ್ದಾಗ ಫೋನ್ ಬಂತು: "ಅಣ್ಣಾ, ಕಂಪ್ಯೂಟರ್ ಚಾಲೂನ ಆಗವಲ್ದು." ಹೋಗಿ ನೋಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೀಟು, ಅಷ್ಟೇ. ಮೊದಲ ಡಿಸ್ಕ್ ಸತ್ತಿತ್ತು. ಎರಡನೆಯದರಲ್ಲಿ ಲೆಕ್ಕವೆಲ್ಲ ಇತ್ತು, ಒಂದು ಚೀಟಿಯೂ ಹೋಗಿರಲಿಲ್ಲ. ಆದರೆ ಬೂಟ್‌ಲೋಡರ್, ಅಂದರೆ ಆನ್ ಮಾಡಿದಾಗ ಲಿನಕ್ಸನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ, ಇದ್ದದ್ದು ಸತ್ತ ಡಿಸ್ಕ್‌ನಲ್ಲಿ ಮಾತ್ರ! ಆವತ್ತು ಮಧ್ಯಾಹ್ನದವರೆಗೆ ಚೀಟಿಗಳನ್ನು ಕೈಯಲ್ಲೇ ಬರೆದರು. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಡೆಬಿಯನ್ ಲಿನಕ್ಸ್ ಹಾಕಿದ್ದೀರಿ ಅಂದುಕೊಂಡು ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದಿರಲಿ. ಪವರ್ ಬಟನ್ ಒತ್ತಿದಾಗ ಮದರ್‌ಬೋರ್ಡ್‌ಗೆ ಸಾಫ್ಟ್‌ವೇರ್ ರೇಡ್ (ಎರಡು ಡಿಸ್ಕ್‌ಗಳನ್ನು ಲಿನಕ್ಸೇ ಜೋಡಿಸಿ ಒಂದರಂತೆ ನಡೆಸುವ ಏರ್ಪಾಡು) ಅಂದರೆ ಏನೂ ಗೊತ್ತಿರುವುದಿಲ್ಲ. ಅದು ಯಾವುದೋ ಒಂದು ಡಿಸ್ಕ್‌ಗೆ ಹೋಗಿ ಬೂಟ್‌ಲೋಡರ್ ಹುಡುಕುತ್ತದೆ. ಅದು ಸಿಕ್ಕಮೇಲೆ ಗ್ರಬ್ (ಡೆಬಿಯನ್‌ನ ಬೂಟ್‌ಲೋಡರ್) ಲಿನಕ್ಸ್‌ನ ತಿರುಳಾದ ಕರ್ನಲನ್ನು ಎಬ್ಬಿಸುತ್ತದೆ, ಆಮೇಲೆ ಲಿನಕ್ಸ್ ಎರಡು ಡಿಸ್ಕ್‌ಗಳನ್ನು ಜೋಡಿಸುತ್ತದೆ. ಆ ಮೊದಲ ಹೆಜ್ಜೆಯನ್ನು ರೇಡ್ ಕಾಯುವುದಿಲ್ಲ, ನಾವೇ ಕಾಯಬೇಕು.

ಇನ್‌ಸ್ಟಾಲ್ ಮಾಡುವಾಗ ಮ್ಯಾನುಯಲ್ ಪಾರ್ಟಿಷನ್ ಆರಿಸಿ. ಎರಡೂ ಡಿಸ್ಕ್‌ನಲ್ಲಿ ಒಂದೇ ಥರ ಮಾಡಿ: 512 ಎಂಬಿಯ ಒಂದು ಇಎಫ್‌ಐ ಪಾರ್ಟಿಷನ್ (ಮದರ್‌ಬೋರ್ಡ್ ಬೂಟ್‌ಲೋಡರ್ ಹುಡುಕುವ ಜಾಗ), ಉಳಿದ ಜಾಗವೆಲ್ಲ ರೇಡ್‌ಗೆ. ಸಾಫ್ಟ್‌ವೇರ್ ರೇಡ್ ಮೆನುಗೆ ಹೋಗಿ ಆ ಎರಡು ದೊಡ್ಡ ಪಾರ್ಟಿಷನ್‌ಗಳನ್ನು ಸೇರಿಸಿ ರೇಡ್ 1 ಮಾಡಿ, ಅಂದರೆ ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಇರುವ ಕನ್ನಡಿ. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಕೂಡ ಕನ್ನಡಿಯ ಮೇಲೇ ಇರಲಿ, ಇಲ್ಲದಿದ್ದರೆ ನಡುವೆ ಒಂದು ಡಿಸ್ಕ್ ಹೋದಾಗ ಓಡುತ್ತಿರುವ ಕೆಲಸವೂ ಅದರ ಜೊತೆ ಬೀಳಬಹುದು. ಹಳೆಯ ಬಯೋಸ್ ಯಂತ್ರವಾದರೆ ಸುಲಭ: ಗ್ರಬ್-ಇನ್‌ಸ್ಟಾಲ್ ಆಜ್ಞೆಯನ್ನು ಎರಡೂ ಡಿಸ್ಕ್‌ಗೆ ಒಂದೊಂದು ಸಲ ಕೊಡಿ, ಬೂಟ್‌ಲೋಡರ್ ಕೆಲಸ ಮುಗಿಯಿತು.

ಬಯೋಸ್ ಬದಲು ಬಂದ ಯುಇಎಫ್‌ಐ ಇರುವ ಹೊಸ ಯಂತ್ರದಲ್ಲೇ ಜಾಸ್ತಿ ಜನ ಎಡವುವುದು. ಇನ್‌ಸ್ಟಾಲರ್ ಒಂದೇ ಇಎಫ್‌ಐ ಪಾರ್ಟಿಷನ್ ತುಂಬುತ್ತದೆ, ಇನ್ನೊಂದು ಖಾಲಿ ಇರುತ್ತದೆ. ಆ ಎರಡು ಇಎಫ್‌ಐ ಪಾರ್ಟಿಷನ್‌ಗಳನ್ನೂ ರೇಡ್ ಮಾಡಬಹುದು, ಮೆಟಾಡೇಟಾ 1.0 ಕೊಟ್ಟರೆ ರೇಡ್‌ನ ಗುರುತು ಪಾರ್ಟಿಷನ್‌ನ ಕೊನೆಯಲ್ಲಿ ಕೂರುವುದರಿಂದ ಮದರ್‌ಬೋರ್ಡ್‌ಗೆ ಅದು ಮಾಮೂಲಿ ಫ್ಯಾಟ್ ಪಾರ್ಟಿಷನ್ ಥರ ಕಾಣುತ್ತದೆ. ಆದರೆ ನಾನು ಹಾಗೆ ಮಾಡುವುದಿಲ್ಲ. ಫರ್ಮ್‌ವೇರ್ (ಮದರ್‌ಬೋರ್ಡ್‌ನೊಳಗಿನ ಪ್ರೋಗ್ರಾಂ) ತಾನೇ ಅದರೊಳಗೆ ಏನಾದರೂ ಬರೆದರೆ ರೇಡ್‌ಗೆ ಗೊತ್ತೇ ಆಗುವುದಿಲ್ಲ, ಎರಡು ಕನ್ನಡಿ ಎರಡು ಮುಖ ತೋರಿಸುತ್ತವೆ. ಸುಮ್ನೆ ಎರಡು ಬೇರೆ ಪಾರ್ಟಿಷನ್ ಇಟ್ಟು ಮೊದಲನೆಯದರ ಫೈಲ್‌ಗಳನ್ನೆಲ್ಲ ಎರಡನೆಯದಕ್ಕೆ ಕಾಪಿ ಮಾಡಿ. ಗ್ರಬ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಕಾಪಿ ಮಾಡಬೇಕು.

ಕಾಪಿಗೆ ಮುಂಚೆ ಗ್ರಬ್ ಪ್ಯಾಕೇಜನ್ನು ಮತ್ತೆ ಕಾನ್ಫಿಗರ್ ಮಾಡಿ. ರಿಮೂವೆಬಲ್ ಮೀಡಿಯಾ ಜಾಗಕ್ಕೂ (ಬೂಟ್ ಎಂಟ್ರಿ ಇಲ್ಲದಿದ್ದರೂ ಮದರ್‌ಬೋರ್ಡ್ ಹುಡುಕಿ ನೋಡುವ ಜಾಗ) ಹಾಕಲೇ ಎಂದು ಕೇಳಿದಾಗ ಹೌದು ಅನ್ನಿ. ಕಾಪಿ ಆದಮೇಲೆ ಇಎಫ್‌ಐಬೂಟ್‌ಎಂಜಿಆರ್ ಆಜ್ಞೆಯಿಂದ ಎರಡನೇ ಡಿಸ್ಕ್‌ಗೂ ಮದರ್‌ಬೋರ್ಡ್‌ನ ಬೂಟ್ ಪಟ್ಟಿಯಲ್ಲಿ ಒಂದು ಎಂಟ್ರಿ ಮಾಡಿ. ಕೆಲವು ಬೋರ್ಡ್‌ಗಳು ಡಿಸ್ಕ್ ತೆಗೆದ ಕೂಡಲೇ ಎಂಟ್ರಿಯನ್ನೇ ಅಳಿಸಿಬಿಡುತ್ತವೆ, ಆಗ ಆ ರಿಮೂವೆಬಲ್ ಜಾಗದ ಕಾಪಿಯೇ ಕೈ ಹಿಡಿಯುವುದು.

ಇನ್ನೊಂದು ಸಣ್ಣ ಜಾಗ ಇದೆ, ನೋಡದೆ ಬಿಡಬೇಡಿ. ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಫೈಲ್‌ನ ಇಎಫ್‌ಐ ಸಾಲಿನಲ್ಲಿ ನೋಫೇಲ್ (ಸಿಗದಿದ್ದರೂ ಮುಂದೆ ಹೋಗು) ಎಂದು ಸೇರಿಸಿ. ಸೇರಿಸದಿದ್ದರೆ ಆ ಡಿಸ್ಕ್ ಇಲ್ಲದ ದಿನ ಯಂತ್ರ 90 ಸೆಕೆಂಡ್ ಕಾದು, ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ. ಬೂಟ್‌ಲೋಡರ್ ಎಲ್ಲ ಸರಿಯಿದ್ದೂ ಚೀಟಿ ಬರುವುದಿಲ್ಲ.

ಈಗ ಪರೀಕ್ಷೆ. ನಮ್ಮ ಗಿರಣಿಗೆ ಅಮಾವಾಸ್ಯೆ ರಜೆ, ಅವತ್ತೇ ಮಾಡುತ್ತೇನೆ. ಮೊದಲು ಪ್ರಾಕ್ ಫೋಲ್ಡರ್‌ನ ಎಂಡಿಸ್ಟ್ಯಾಟ್ ಫೈಲ್ ನೋಡಿ: ಚೌಕ ಕಂಸದಲ್ಲಿ ಎರಡು 'ಯು' ಇದ್ದರೆ ಎರಡೂ ಡಿಸ್ಕ್ ಸಮ ಇವೆ ಎಂದರ್ಥ. ಹೊಸದಾಗಿ ಮಾಡಿದ 1 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಸಿಂಕ್ ಆಗಲು ಸುಮಾರು 2 ಗಂಟೆ ಬೇಕು, ಮುಗಿಯುವ ತನಕ ಕಾಯಿರಿ. ಯಂತ್ರ ಆಫ್ ಮಾಡಿ, ಮೊದಲ ಡಿಸ್ಕ್‌ನ ಕೇಬಲ್ ಕಿತ್ತು, ಆನ್ ಮಾಡಿ. ಲಾಗಿನ್ ತನಕ ಬಂದರೆ ಅರ್ಧ ಗೆದ್ದಿರಿ. ಎಂಡಿಸ್ಟ್ಯಾಟ್‌ನಲ್ಲಿ ಈಗ ಒಂದು 'ಯು' ಜಾಗದಲ್ಲಿ ಅಡಿಗೀಟು ಕಾಣುತ್ತದೆ. ಮತ್ತೆ ಆಫ್ ಮಾಡಿ ಕೇಬಲ್ ಹಾಕಿದರೂ ಡಿಸ್ಕ್ ತಾನಾಗಿಯೇ ಒಳಗೆ ಬರದಿರಬಹುದು, ಆಗ ಎಂಡಿಎಡಿಎಂ ಆಜ್ಞೆಯಿಂದ ಅದರ ರೇಡ್ ಪಾರ್ಟಿಷನನ್ನು ಸೇರಿಸಿ. ಸಿಂಕ್ ಪೂರ್ತಿ ಆದಮೇಲೆ ಮಾತ್ರ ಎರಡನೆಯದನ್ನು ಕಿತ್ತು ನೋಡಿ. ಅವಸರ ಮಾಡಿದರೆ ಎರಡು ಡಿಸ್ಕ್‌ನಲ್ಲಿ ಎರಡು ಬೇರೆ ಲೆಕ್ಕ ಉಳಿಯುತ್ತವೆ, ಯಾವುದು ನಿಜ ಎಂದು ಹೇಳುವವರು ಇರುವುದಿಲ್ಲ.

ಹೊಸ ಡಿಸ್ಕ್ ಹಾಕುವ ದಿನ ಎಸ್‌ಜಿಡಿಸ್ಕ್ ಆಜ್ಞೆಯಿಂದ ಪಾರ್ಟಿಷನ್ ಪಟ್ಟಿಯನ್ನು ಕಾಪಿ ಮಾಡುವಾಗ ಕೈ ನಿಧಾನವಿರಲಿ. ಅದರ ದೊಡ್ಡ 'ಆರ್' ಆಯ್ಕೆಯ ಪಕ್ಕದಲ್ಲಿ ಹೊಸ ಡಿಸ್ಕ್‌ನ ಹೆಸರು, ಕೊನೆಯಲ್ಲಿ ಹಳೆಯದರ ಹೆಸರು. ತಿರುವುಮುರುವಾದರೆ ಒಳ್ಳೆಯ ಡಿಸ್ಕ್‌ನ ಪಟ್ಟಿಯೇ ಅಳಿದುಹೋಗುತ್ತದೆ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಒಂದೊಂದು ಬೂಟ್‌ಗೆ ಅದಲುಬದಲಾಗಬಹುದು, ಆದ್ದರಿಂದ ಡಿಸ್ಕ್‌ನ ಸೀರಿಯಲ್ ನಂಬರ್ ನೋಡಿಯೇ ಮುಂದುವರಿಯಿರಿ. ನಾನು ಆ ನಂಬರನ್ನು ದೊಡ್ಡದಾಗಿ ಬರೆದು ಡಿಸ್ಕ್‌ನ ಹೊರಗೆ ಕಾಣುವ ಅಂಚಿಗೆ ಅಂಟಿಸಿದ್ದೇನೆ. ಹೊಟ್ಟಿನ ಧೂಳು ಕೂತರೂ ಒಮ್ಮೆ ಬೆರಳಲ್ಲಿ ಒರೆಸಿದರೆ ಓದಬಹುದು.